ಧ್ರುವದಲ್ಲಿ ಕಳೆದುಹೋದ ಓಝೋನ್ ಮಧ್ಯ ಅಕ್ಷಾಂಶದ ಲೆಕ್ಕಕ್ಕೆ ಹೇಗೆ ಬರುತ್ತದೆ? – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಓಝೋನ್ ರಂಧ್ರ ಇರುವುದು ಅಂಟಾರ್ಕ್ಟಿಕದ ಮೇಲೆ. ಉಪಗ್ರಹದ ಚಿತ್ರದಲ್ಲಿ ಅದರ ಅಂಚು ಗೆರೆ ಕೊರೆದಂತೆ ಕಾಣುತ್ತದೆ. ಹಾಗಿದ್ದ ಮೇಲೆ 35ರಿಂದ 60 ಡಿಗ್ರಿ ಅಕ್ಷಾಂಶದ ನಡುವಿನ, ಅಂದರೆ ಮಧ್ಯ ಅಕ್ಷಾಂಶದ, ಆಕಾಶಕ್ಕೆ ಅದರಿಂದ ಏನಾಗಬೇಕು?

ಉತ್ತರ: ಚಿತ್ರದಲ್ಲಿ ನೀವು ನೋಡಿದ ಗೆರೆ 220 ಡಾಬ್ಸನ್ ಯೂನಿಟ್‌ನದು. ತಲೆಯ ಮೇಲಿರುವ ಓಝೋನನ್ನೆಲ್ಲ ನೆಲಮಟ್ಟದ ಒತ್ತಡಕ್ಕೆ, ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗೆ ತಂದು ಹಾಸಿದರೆ ಆಗುವ ಪದರದ ದಪ್ಪವನ್ನು ಈ ಯೂನಿಟ್‌ನಲ್ಲಿ ಹೇಳುತ್ತಾರೆ. 100 ಯೂನಿಟ್ ಅಂದರೆ 1 ಮಿಲಿಮೀಟರ್. ಮಾಮೂಲಿ ಆಕಾಶದಲ್ಲಿ ಸುಮಾರು 300 ಯೂನಿಟ್, ಅಂದರೆ 3 ಮಿಲಿಮೀಟರ್ ಇರುತ್ತದೆ. 220ಕ್ಕಿಂತ ಕೆಳಗಿಳಿದ ಜಾಗವನ್ನು ರಂಧ್ರ ಎಂದು ಕರೆಯುವುದು ಲೆಕ್ಕದ ಅನುಕೂಲಕ್ಕೆ ಮಾತ್ರ. ಅಲ್ಲಿ ಗೋಡೆ ಏನೂ ಇಲ್ಲ. 'ರಂಧ್ರ' ಎಂಬ ಪದವೇ ಈ ತಪ್ಪು ತಿಳಿವಳಿಕೆಗೆ ಅರ್ಧ ಕಾರಣ ಎಂಬುದು ನಮ್ಮ ಅನಿಸಿಕೆ. ರಂಧ್ರ ಎಂದ ಕೂಡಲೇ ಅದರಾಚೆ ಎಲ್ಲವೂ ಸರಿಯಿದೆ ಎಂಬ ಭಾವನೆ ಬರುತ್ತದೆ.

ಗೋಡೆಯ ಕೆಲಸ ಮಾಡುವುದು ಬೇರೆಯೇ ಒಂದಿದೆ. ಅದು ಧ್ರುವ ಸುಳಿ. ಚಳಿಗಾಲದಲ್ಲಿ ಬಿಸಿಲೇ ಕಾಣದ ಧ್ರುವದ ಮೇಲೆ ಸಮೋಷ್ಣ ಮಂಡಲದ (ಓಝೋನ್ ಪದರವಿರುವ ಸ್ಟ್ರಾಟೋಸ್ಫಿಯರ್‌ನ) ಗಾಳಿ ಕೊರೆಯುವಷ್ಟು ತಣ್ಣಗಾಗುತ್ತದೆ. ಅದರ ಸುತ್ತ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಸಾದ ಗಾಳಿಯ ಬಳೆಯೊಂದು ಕಟ್ಟಿಕೊಳ್ಳುತ್ತದೆ. ಒಳಗಿನ ಗಾಳಿ ಹೊರಗಿನ ಗಾಳಿಯೊಂದಿಗೆ ಬೆರೆಯಲು ಈ ಬಳೆ ಬಿಡುವುದಿಲ್ಲ. ಒಳಗೆ ತಾಪ ಸುಮಾರು ಮೈನಸ್ 78 ಡಿಗ್ರಿಗೆ ಇಳಿದಾಗ ನೈಟ್ರಿಕ್ ಆಮ್ಲ ಮತ್ತು ನೀರು ಸೇರಿದ ಕಣಗಳ ಮೋಡ ಹುಟ್ಟುತ್ತದೆ, ಮೈನಸ್ 85ರ ಸುಮಾರಿಗೆ ಶುದ್ಧ ಹಿಮದ ಮೋಡ. ಸಾಮಾನ್ಯವಾಗಿ ಕ್ಲೋರಿನ್ ಎರಡು ನಿರುಪದ್ರವಿ ರೂಪಗಳಲ್ಲಿ ಕಟ್ಟಿಹಾಕಿಕೊಂಡಿರುತ್ತದೆ: ಒಂದು ಹೈಡ್ರೋಜನ್ ಕ್ಲೋರೈಡ್, ಇನ್ನೊಂದು ಕ್ಲೋರಿನ್ ನೈಟ್ರೇಟ್. ಮೋಡದ ಕಣಗಳ ಮೈಮೇಲೆ ಇವೆರಡೂ ಒಂದಕ್ಕೊಂದು ತಗುಲಿ ಕ್ಲೋರಿನ್ ಅನಿಲ ಬಿಡುಗಡೆಯಾಗುತ್ತದೆ, ನೈಟ್ರಿಕ್ ಆಮ್ಲ ಕಣದಲ್ಲೇ ಉಳಿಯುತ್ತದೆ. ವಸಂತದ ಮೊದಲ ಬಿಸಿಲು ಬಿದ್ದೊಡನೆ ಕ್ಲೋರಿನ್ ಅಣು ಒಡೆದು ಓಝೋನ್ ಮೇಲೆ ಬೀಳುತ್ತದೆ. ಅಂಟಾರ್ಕ್ಟಿಕದಲ್ಲಿ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಹೊತ್ತಿಗೆ 14ರಿಂದ 20 ಕಿಲೋಮೀಟರ್ ಎತ್ತರದ ಪದರದಲ್ಲಿ ಓಝೋನ್ ಹೆಚ್ಚುಕಡಿಮೆ ಖಾಲಿ.

ಮಧ್ಯ ಅಕ್ಷಾಂಶದ ಸರದಿ ಬರುವುದು ಸುಳಿ ಒಡೆದಾಗ. ದಕ್ಷಿಣದಲ್ಲಿ ಇದು ನವೆಂಬರ್–ಡಿಸೆಂಬರ್‌ನಲ್ಲಿ, ಉತ್ತರದಲ್ಲಿ ಸಾಮಾನ್ಯವಾಗಿ ಮಾರ್ಚ್–ಏಪ್ರಿಲ್‌ನಲ್ಲಿ. ಬಳೆ ಸಡಿಲವಾಗುತ್ತದೆ, ತುಂಡಾಗುತ್ತದೆ. ಒಳಗಿದ್ದ ಬಡಕಲು ಗಾಳಿ ದೊಡ್ಡ ದೊಡ್ಡ ತುಂಡುಗಳಾಗಿ ಭೂಮಧ್ಯರೇಖೆಯ ಕಡೆಗೆ ಜಾರಿ, ಅಲ್ಲಿನ ಓಝೋನ್ ತುಂಬಿದ ಗಾಳಿಯಲ್ಲಿ ಬೆರೆತುಹೋಗುತ್ತದೆ. 1987ರಲ್ಲಿ ಅಂಟಾರ್ಕ್ಟಿಕದ ನಷ್ಟ ಆಳವಾಗಿತ್ತು. ಅದೇ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಮೇಲೆ ಓಝೋನ್ ಆ ತಿಂಗಳಲ್ಲಿ ಹಿಂದೆ ಕಾಣದಷ್ಟು ಕೆಳಗಿಳಿಯಿತು. ಧ್ರುವದ ನಷ್ಟ ದೂರದ ಆಕಾಶವನ್ನು ತಟ್ಟುತ್ತದೆ ಎಂಬುದಕ್ಕೆ ಸಿಕ್ಕ ಮೊದಲ ಗಟ್ಟಿ ಸಾಕ್ಷ್ಯಗಳಲ್ಲಿ ಅದೂ ಒಂದು.

ಪ್ರಶ್ನೆ: ಧ್ರುವದ ಗಾಳಿ ಬೆರೆತರೆ ಎಷ್ಟು ಯೂನಿಟ್ ಕಡಿಮೆಯಾಗಬಹುದು? ಅಂದಾಜು ಮಾಡುವ ಸುಲಭ ದಾರಿ ಇದೆಯೇ?

ಉತ್ತರ: ಇದೆ, ಕಾಗದ ಪೆನ್ಸಿಲ್ ಸಾಕು. 30 ಡಿಗ್ರಿ ಅಕ್ಷಾಂಶ ಪ್ರತಿ ಗೋಳಾರ್ಧವನ್ನು ವಿಸ್ತೀರ್ಣದಲ್ಲಿ ಸರಿಯಾಗಿ ಎರಡು ಪಾಲು ಮಾಡುತ್ತದೆ. ಭೂಮಿಯ ಒಟ್ಟು ಮೇಲ್ಮೈ 51 ಕೋಟಿ ಚದರ ಕಿಲೋಮೀಟರ್. ಹಾಗಾಗಿ 30 ಡಿಗ್ರಿಯಿಂದ ಧ್ರುವದವರೆಗೆ ಅದರ ಕಾಲುಭಾಗ, 12.75 ಕೋಟಿ.

ಈಗ ರಂಧ್ರದ ವಿಸ್ತೀರ್ಣ 2 ಕೋಟಿ ಚದರ ಕಿಲೋಮೀಟರ್, ಅದರೊಳಗಿನ ಕೊರತೆ ಸರಾಸರಿ 150 ಯೂನಿಟ್ ಎಂದು ಇಟ್ಟುಕೊಳ್ಳಿ. ಎರಡನ್ನೂ ಗುಣಿಸಿ 12.75ರಿಂದ ಭಾಗಿಸಿದರೆ 23.5 ಯೂನಿಟ್ ಬರುತ್ತದೆ. ಕೊರತೆ ಇಡೀ ಪ್ರದೇಶಕ್ಕೆ ಸಮನಾಗಿ ಹಂಚಿಹೋದರೆ ಎಲ್ಲೆಡೆ ಅಷ್ಟು ಕಡಿಮೆ. 300ರಲ್ಲಿ ಶೇ 8ಕ್ಕೆ ಹತ್ತಿರ.

ಇದು ಮೇಲ್ಮಿತಿ ಎಂದು ತಿಳಿಯಿರಿ. ಸುಳಿ ಒಂದೇ ದಿನ ಒಡೆಯುವುದಿಲ್ಲ. ಒಡೆಯುವಷ್ಟರಲ್ಲಿ ಮೇಲಿನ ಪದರಗಳಿಂದ ಓಝೋನ್ ಇಳಿದು ಸ್ವಲ್ಪ ತುಂಬಿರುತ್ತದೆ, ಬಡಕಲು ಗಾಳಿಯ ಒಂದು ಪಾಲು ಬೇಸಿಗೆಯಲ್ಲೂ ಧ್ರುವದ ಮೇಲೆಯೇ ಉಳಿದಿರುತ್ತದೆ. ಅಳೆದು ನೋಡಿದ್ದು ಹೀಗಿದೆ: 2000ದ ಆಸುಪಾಸಿನಲ್ಲಿ 35–60 ಡಿಗ್ರಿ ದಕ್ಷಿಣದಲ್ಲಿ ವರ್ಷದ ಸರಾಸರಿ ಓಝೋನ್ 1980ಕ್ಕೆ ಮುಂಚಿನದಕ್ಕಿಂತ ಸುಮಾರು ಶೇ 6 ಕಡಿಮೆ, ಅದೇ ಉತ್ತರದಲ್ಲಿ ಸುಮಾರು ಶೇ 3. ಈ ಅಂಕಿಗಳಲ್ಲಿ ಎಲ್ಲ ಕಾರಣಗಳೂ ಸೇರಿವೆ. ದಕ್ಷಿಣದ ಇಳಿಕೆಯಲ್ಲಿ ಧ್ರುವದಿಂದ ಬಂದ ಪಾಲು ಗಣನೀಯ, ಉತ್ತರದಲ್ಲಿ ಅದಕ್ಕಿಂತ ಕಡಿಮೆ.

ಈ ಲೆಕ್ಕದಲ್ಲಿ ಹಲವರು ಎಡವುವುದು ಒಂದೇ ಕಡೆ. ರಂಧ್ರದ ವಿಸ್ತೀರ್ಣವನ್ನಷ್ಟೇ ನೋಡಿ ಆಳವನ್ನು ಬಿಡುತ್ತಾರೆ. ಎರಡರ ಗುಣಲಬ್ಧವೇ ಮುಖ್ಯ. ಹರಡಿಕೊಂಡ ತೆಳು ರಂಧ್ರಕ್ಕಿಂತ ಚಿಕ್ಕದಾಗಿದ್ದೂ ಆಳವಾದದ್ದು ಮಧ್ಯ ಅಕ್ಷಾಂಶಕ್ಕೆ ಹೆಚ್ಚು ಕೊರತೆ ಹೊತ್ತು ತರಬಹುದು.

ಪ್ರಶ್ನೆ: ಓಝೋನ್ ಹುಟ್ಟುವುದೇ ಬಿಸಿಲಿನಿಂದ ಅಲ್ಲವೇ? ಬಡಕಲು ಗಾಳಿ ಬೇಸಿಗೆಯ ಬಿಸಿಲಿಗೆ ಬಂದ ಮೇಲೆ ತಾನಾಗಿ ತುಂಬಿಕೊಳ್ಳಬೇಕು.

ಉತ್ತರ: ತುಂಬಿಕೊಳ್ಳುತ್ತದೆ, ಆದರೆ ಬಹಳ ನಿಧಾನ. ಆಮ್ಲಜನಕದ ಅಣುವನ್ನು ಒಡೆಯಲು 242 ನ್ಯಾನೋಮೀಟರ್‌ಗಿಂತ ಕಡಿಮೆ ತರಂಗಾಂತರದ ಅತಿನೇರಳೆ ಬೆಳಕು ಬೇಕು. ಅದರ ಬಹುಪಾಲು 30 ಕಿಲೋಮೀಟರ್‌ಗಿಂತ ಮೇಲೆಯೇ ಹೀರಿಹೋಗುತ್ತದೆ. ಧ್ರುವದ ನಷ್ಟ ಇರುವುದು 14–20 ಕಿಲೋಮೀಟರ್‌ನಲ್ಲಿ. ಅಲ್ಲಿಗೆ ತಲುಪುವುದು ಅತ್ಯಲ್ಪ. ಆ ಎತ್ತರದಲ್ಲಿ ಓಝೋನ್ ಹುಟ್ಟುವುದೂ ಸಾಯುವುದೂ ತಿಂಗಳುಗಟ್ಟಲೆಯ ಕೆಲಸ. ಆದ್ದರಿಂದ ವಸಂತದ ಕೊರತೆ ಬೇಸಿಗೆ ದಾಟಿ ಶರತ್ಕಾಲದವರೆಗೂ ಸಾಗುತ್ತದೆ. ನಿಜವಾದ ಭರ್ತಿ ಆಗುವುದು ಮುಂದಿನ ಚಳಿಗಾಲದಲ್ಲಿ. ಉಷ್ಣವಲಯದ ಮೇಲೆ ತಯಾರಾದ ಓಝೋನನ್ನು ಬ್ರೂವರ್–ಡಾಬ್ಸನ್ ಪರಿಚಲನೆ ಎಂಬ ಗಾಳಿಯ ಹರಿವು ಎತ್ತರದಿಂದ ಧ್ರುವದ ಕಡೆಗೆ ಹೊತ್ತು ತಂದು ಕೆಳಗಿಳಿಸಿದಾಗ.

ಪ್ರಶ್ನೆ: ಸುಳಿ ಒಡೆಯುವ ಮೊದಲೇ ಅದರೊಳಗಿನ ಸಕ್ರಿಯ ಕ್ಲೋರಿನ್ ಹೊರಗೆ ಸೋರಿ ಮಧ್ಯ ಅಕ್ಷಾಂಶದ ಓಝೋನನ್ನು ಅಲ್ಲಿಯೇ ತಿನ್ನುತ್ತದೆ ಎಂದು ಓದಿದ್ದೇನೆ. ನಿಜವೇ?

ಉತ್ತರ: 1990ರ ದಶಕದಲ್ಲಿ ವಿಜ್ಞಾನಿಗಳ ನಡುವೆ ಜೋರಾಗಿ ಚರ್ಚೆಯಾದ ವಿಷಯ ಇದು. ಸುಳಿ ಮುಚ್ಚಿದ ಪಾತ್ರೆಯಂತೆ, ಒಳಗಿನದ್ದು ಒಳಗೇ ಇರುತ್ತದೆ ಎಂದು ಒಂದು ಬಣ. ಇನ್ನೊಂದು ಬಣದ ಪ್ರಕಾರ ಸುಳಿ ಎಂದರೆ ಗಾಳಿ ಒಂದು ಕಡೆಯಿಂದ ಒಳನುಗ್ಗಿ, ಮೋಡಗಳ ನಡುವೆ ಹಾದು, ಕ್ಲೋರಿನ್ ಎಚ್ಚರಗೊಂಡ ಸ್ಥಿತಿಯಲ್ಲಿ ಇನ್ನೊಂದು ಕಡೆ ಹೊರಬೀಳುವ ಕಾರ್ಖಾನೆ.

ಅಳತೆಗಳು ಹೇಳಿದ್ದು ಎತ್ತರ ನೋಡಿಕೊಂಡು ಉತ್ತರಿಸಬೇಕೆಂದು. ಸುಮಾರು 16 ಕಿಲೋಮೀಟರ್‌ಗಿಂತ ಮೇಲೆ ಸುಳಿಯ ಅಂಚು ಬಿಗಿ, ಸೋರಿಕೆ ಕಡಿಮೆ. ಅದಕ್ಕಿಂತ ಕೆಳಗೆ ಸುಳಿ ಸರಿಯಾಗಿ ಕಟ್ಟಿಕೊಂಡಿರುವುದೇ ಇಲ್ಲ, ಗಾಳಿ ಸಲೀಸಾಗಿ ಆಚೀಚೆ ಓಡಾಡುತ್ತದೆ. 1987ರಲ್ಲಿ ಚಿಲಿಯ ಪುಂಟಾ ಅರೆನಾಸ್‌ನಿಂದ ಹಾರಿದ ಇಆರ್–2 ವಿಮಾನ ಸುಮಾರು 18 ಕಿಲೋಮೀಟರ್ ಎತ್ತರದಲ್ಲಿ ಸುಳಿಯೊಳಗೆ ನುಗ್ಗಿದಾಗ, ಸಕ್ರಿಯ ಕ್ಲೋರಿನ್‌ನ ಗುರುತಾದ ಕ್ಲೋರಿನ್ ಮಾನಾಕ್ಸೈಡ್ ಕಡಿದಾದ ಗೋಡೆಯಂತೆ ಏರಿತು. ಅದೇ ಜಾಗದಲ್ಲಿ ಓಝೋನ್ ಕುಸಿಯಿತು. ಎರಡು ಗೆರೆಗಳೂ ಒಂದಕ್ಕೊಂದು ಕನ್ನಡಿಯಲ್ಲಿ ತಿರುಗಿಸಿಟ್ಟಂತೆ ಇದ್ದವು. ಅಂಚು ಸೋರುತ್ತಿದ್ದರೆ ಅಷ್ಟು ಚೂಪಾದ ಏರಿಕೆ ಕಾಣುತ್ತಿರಲಿಲ್ಲ.

ಹಾಗೆಂದು ಸೋರಿಕೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಸುಳಿಯ ಅಂಚನ್ನು ದೊಡ್ಡ ವಾಯು ಅಲೆಗಳು ಎಳೆದಾಡುವಾಗ ಅದರಿಂದ ಉದ್ದುದ್ದ ಎಳೆಗಳು ಕಳಚಿಕೊಳ್ಳುತ್ತವೆ. ಒಂದೊಂದು ಎಳೆ ಸಾವಿರಾರು ಕಿಲೋಮೀಟರ್ ಉದ್ದ, ದಪ್ಪ ಒಂದೆರಡು ಕಿಲೋಮೀಟರ್ ಮಾತ್ರ. ಮಧ್ಯ ಅಕ್ಷಾಂಶದ ಬಿಸಿಲಿಗೆ ಬಂದ ಮೇಲೆ ಆ ಎಳೆಯೊಳಗೆ ಏನಾಗುತ್ತದೆ ಎಂಬುದನ್ನು ನೈಟ್ರಿಕ್ ಆಮ್ಲ ತೀರ್ಮಾನಿಸುತ್ತದೆ. ಆಮ್ಲ ಬಿಸಿಲಿಗೆ ಒಡೆದು ನೈಟ್ರೋಜನ್ ಡೈಆಕ್ಸೈಡ್ ಕೊಡುತ್ತದೆ. ಅದು ಕ್ಲೋರಿನ್ ಮಾನಾಕ್ಸೈಡ್ ಜೊತೆ ಕೂಡಿ ಕ್ಲೋರಿನ್ ನೈಟ್ರೇಟ್ ಆಗುತ್ತದೆ, ಕ್ಲೋರಿನ್ ಮತ್ತೆ ಬಂಧಿ. ಹೀಗೆ ಎಳೆಯ ಆಟ ಕೆಲವು ವಾರಗಳಲ್ಲಿ ಮುಗಿಯುತ್ತದೆ. ಆದರೆ ಸುಳಿಯೊಳಗೆ ಮೋಡದ ಕಣಗಳು ದೊಡ್ಡದಾಗಿ ಕೆಳಗುದುರಿ ನೈಟ್ರಿಕ್ ಆಮ್ಲವನ್ನು ಹೊತ್ತೊಯ್ದಿದ್ದರೆ ಕ್ಲೋರಿನ್‌ಗೆ ಜೊತೆ ಸಿಗುವುದಿಲ್ಲ, ಅದು ಇನ್ನಷ್ಟು ದಿನ ಓಝೋನ್ ತಿನ್ನುತ್ತಲೇ ಇರುತ್ತದೆ. ಅಂಟಾರ್ಕ್ಟಿಕದಲ್ಲಿ ಇದು ಪ್ರತಿ ವರ್ಷ, ಆರ್ಕ್ಟಿಕ್‌ನಲ್ಲಿ ಬಹಳ ಚಳಿಯ ವರ್ಷಗಳಲ್ಲಿ. ಒಟ್ಟಿನಲ್ಲಿ ಸೋರಿಕೆಯ ಪಾಲಿಗಿಂತ ಸುಳಿ ಒಡೆದ ಮೇಲಿನ ಬೆರಕೆಯ ಪಾಲೇ ದೊಡ್ಡದು ಎಂದು ನಾವು ಧೈರ್ಯವಾಗಿ ಹೇಳುತ್ತೇವೆ.

ಪ್ರಶ್ನೆ: ಮಧ್ಯ ಅಕ್ಷಾಂಶದಲ್ಲೂ ಕ್ಲೋರಿನ್ ಇದೆಯಲ್ಲ. ಅಲ್ಲೇ ಆದ ನಷ್ಟ ಯಾವುದು, ಧ್ರುವದಿಂದ ಬಂದದ್ದು ಯಾವುದು ಎಂದು ಬೇರ್ಪಡಿಸುವುದು ಹೇಗೆ?

ಉತ್ತರ: ಗಾಳಿಯ ಗುರುತಿನ ಚೀಟಿ ನೋಡಿ. ಆ ಚೀಟಿ ನೈಟ್ರಸ್ ಆಕ್ಸೈಡ್. ನೆಲದಿಂದ ಮೇಲೇರುವ ಈ ಅನಿಲ ಎತ್ತರದಲ್ಲಿ ಬಿಸಿಲಿಗೆ ಒಡೆಯುತ್ತದೆ, ಕೆಳಗಿನ ಸಮೋಷ್ಣ ಮಂಡಲದಲ್ಲಿ ಸುಮ್ಮನೆ ಹರಿದಾಡುತ್ತದೆ. ಆದ್ದರಿಂದ ಗಾಳಿ ಎಲ್ಲಿಂದ ಬಂತು ಎಂದು ಅದರ ಪ್ರಮಾಣವೇ ಹೇಳಿಬಿಡುತ್ತದೆ. ಸುಳಿಯೊಳಗಿನ ಗಾಳಿ ಚಳಿಗಾಲವಿಡೀ ಎತ್ತರದಿಂದ ಇಳಿದು ಬಂದದ್ದು. 20 ಕಿಲೋಮೀಟರ್ ಸುಮಾರಿನಲ್ಲಿ ಅದರಲ್ಲಿ ನೈಟ್ರಸ್ ಆಕ್ಸೈಡ್ ಶತಕೋಟಿಗೆ 100 ಅಂಶಕ್ಕಿಂತಲೂ ಕೆಳಗಿರುವುದುಂಟು. ನೆಲಮಟ್ಟದಲ್ಲಿ ಅದು 300ಕ್ಕಿಂತ ಹೆಚ್ಚು.

ಓದುವ ಕ್ರಮ ಹೀಗೆ. ನೈಟ್ರಸ್ ಆಕ್ಸೈಡ್ ಹೆಚ್ಚು, ಓಝೋನ್ ಕಡಿಮೆ: ಉಷ್ಣವಲಯದ ಕಡೆಯಿಂದ ಬಂದ ಗಾಳಿ, ಅದರಲ್ಲಿ ಓಝೋನ್ ಸಹಜವಾಗಿಯೇ ಕಡಿಮೆ, ನಷ್ಟವೇನೂ ಆಗಿಲ್ಲ. ನೈಟ್ರಸ್ ಆಕ್ಸೈಡ್ ಕಡಿಮೆ, ಓಝೋನ್ ಹೆಚ್ಚು: ಎತ್ತರದಿಂದ ಇಳಿದ ಆರೋಗ್ಯವಂತ ಗಾಳಿ. ಎರಡೂ ಕಡಿಮೆ ಇದ್ದರೆ ಸಂಶಯವೇ ಬೇಡ, ಸುಳಿಯೊಳಗಿದ್ದು ರಾಸಾಯನಿಕವಾಗಿ ಓಝೋನ್ ಕಳೆದುಕೊಂಡು ಬಂದ ಗಾಳಿ. ಓಝೋನ್ ಅಳತೆ ಒಂದನ್ನೇ ಹಿಡಿದು ತೀರ್ಪು ಕೊಡುವವರು ಮೊದಲ ಮತ್ತು ಮೂರನೆಯ ಸ್ಥಿತಿಯನ್ನು ಒಂದೇ ಎಂದುಕೊಂಡುಬಿಡುತ್ತಾರೆ.

ಸ್ಥಳೀಯ ನಷ್ಟಕ್ಕೆ ಧ್ರುವದ ಮೋಡ ಬೇಕಿಲ್ಲ, ಗಂಧಕಾಮ್ಲದ ಸೂಕ್ಷ್ಮ ಹನಿಗಳು ಸಾಕು. ಅವುಗಳ ಮೇಲೆ ಡೈನೈಟ್ರೋಜನ್ ಪೆಂಟಾಕ್ಸೈಡ್ ನೀರಿನೊಂದಿಗೆ ಸೇರಿ ನೈಟ್ರಿಕ್ ಆಮ್ಲವಾಗುತ್ತದೆ. ಕ್ಲೋರಿನನ್ನು ಕಟ್ಟಿಹಾಕುವ ನೈಟ್ರೋಜನ್ ಡೈಆಕ್ಸೈಡ್ ಆಗ ಕಡಿಮೆಯಾಗುತ್ತದೆ. 1991ರ ಜೂನ್‌ನಲ್ಲಿ ಫಿಲಿಪೀನ್ಸ್‌ನ ಪಿನಟುಬೊ ಸಿಡಿದು 1.5ರಿಂದ 2 ಕೋಟಿ ಟನ್ ಗಂಧಕದ ಡೈಆಕ್ಸೈಡನ್ನು ಮೇಲಕ್ಕೆಸೆದ ಮೇಲೆ 1992–93ರಲ್ಲಿ ಉತ್ತರದ ಮಧ್ಯ ಅಕ್ಷಾಂಶದ ಓಝೋನ್ ಗಣನೀಯವಾಗಿ ತಗ್ಗಿತು. 2019–20ರ ಆಸ್ಟ್ರೇಲಿಯಾದ ಕಾಳ್ಗಿಚ್ಚಿನ ಹೊಗೆಯಂತೂ ಹೊಸ ಪಾಠ ಕಲಿಸಿತು. ದಕ್ಷಿಣದ ಮಧ್ಯ ಅಕ್ಷಾಂಶದಲ್ಲಿ ಹೈಡ್ರೋಜನ್ ಕ್ಲೋರೈಡ್ ಹಿಂದೆ ಕಾಣದಷ್ಟು ಇಳಿಯಿತು. ಅಷ್ಟೇನೂ ಚಳಿಯಿಲ್ಲದ ಜಾಗದಲ್ಲೂ ಹೊಗೆಯ ಕಣಗಳು ಕ್ಲೋರಿನನ್ನು ಬಡಿದೆಬ್ಬಿಸಬಲ್ಲವು ಎಂದಾಯಿತು.

ಪ್ರಶ್ನೆ: ಮಧ್ಯ ಅಕ್ಷಾಂಶದ ಕೇಂದ್ರವೊಂದರಲ್ಲಿ ಒಂದು ದಿನ ಓಝೋನ್ ದಿಢೀರನೆ 230 ಯೂನಿಟ್‌ಗೆ ಇಳಿದರೆ ಧ್ರುವದ ತುಂಡು ಬಂತು ಎನ್ನಬಹುದೇ?

ಉತ್ತರ: ಆತುರ ಬೇಡ. ಅಧಿಕ ಒತ್ತಡದ ವಲಯವೊಂದು ಕೆಳಗಿನ ಗಾಳಿಯನ್ನು ಮೇಲಕ್ಕೆ ಒತ್ತಿದರೆ ಸಮೋಷ್ಣ ಮಂಡಲದ ತಳವೇ ಮಾಮೂಲಿ 10–11 ಕಿಲೋಮೀಟರ್‌ನಿಂದ 14ಕ್ಕೋ 15ಕ್ಕೋ ಏರುತ್ತದೆ. ಓಝೋನ್ ಇರಬೇಕಾದ ಜಾಗಕ್ಕೆ ಓಝೋನ್ ಇಲ್ಲದ ಗಾಳಿ ಬಂದು ನಿಲ್ಲುತ್ತದೆ. ಎರಡು ಮೂರು ದಿನದಲ್ಲಿ ವಲಯ ಸರಿದು ಓಝೋನ್ ಹಿಂತಿರುಗುತ್ತದೆ. ಇದು 'ಕಿರುರಂಧ್ರ'. ಇಲ್ಲಿ ಒಂದು ಅಣುವೂ ನಾಶವಾಗಿರುವುದಿಲ್ಲ.

ಬಲೂನಿನಲ್ಲಿ ಓಝೋನ್ ಸೋಂಡ್ (ಮೇಲೇರುತ್ತ ಓಝೋನ್ ಅಳೆಯುವ ಪುಟ್ಟ ಉಪಕರಣ) ಹಾರಿಸಿದ್ದರೆ ಉತ್ತರ ಕೈಯಲ್ಲೇ ಇರುತ್ತದೆ. ಎತ್ತರಕ್ಕೆ ತಕ್ಕಂತೆ ಓಝೋನ್ ತೋರಿಸುವ ಗೆರೆ ಪೂರ್ತಿ ಮೇಲಕ್ಕೆ ಸರಿದಿದ್ದು, 12–14 ಕಿಲೋಮೀಟರ್‌ನವರೆಗೂ ತಾಪ ಇಳಿಯುತ್ತಲೇ ಹೋಗಿದ್ದರೆ ಕಿರುರಂಧ್ರ. ಸಮೋಷ್ಣ ಮಂಡಲದ ತಳ ಮಾಮೂಲಿ ಜಾಗದಲ್ಲೇ ಇದ್ದು, 15–20 ಕಿಲೋಮೀಟರ್ ನಡುವೆ ಗೆರೆಯನ್ನು ಯಾರೋ ಕಚ್ಚಿದಂತೆ ತಗ್ಗು ಕಂಡರೆ ಧ್ರುವದ ಗಾಳಿಯ ಮೇಲೆ ಅನುಮಾನ ಪಡಿ. ಆ ಎತ್ತರದ ಗಾಳಿ ಹಿಂದಿನ ಏಳೆಂಟು ದಿನ ಎಲ್ಲಿತ್ತು ಎಂದು ಹಿಂಜಾಡು ಲೆಕ್ಕ ಹಾಕಿ.

ಅದಕ್ಕೂ ಮೊದಲು ಉಪಕರಣವನ್ನೇ ಪರೀಕ್ಷಿಸಬೇಕು. ಸೋಂಡ್‌ನ ಪಂಪು ಗಾಳಿಯನ್ನು ಪೊಟ್ಯಾಸಿಯಂ ಅಯೋಡೈಡ್ ದ್ರಾವಣದೊಳಗೆ ಗುಳ್ಳೆಗಟ್ಟಿಸುತ್ತದೆ. ಒಂದು ಓಝೋನ್ ಅಣುವಿಗೆ ಎರಡು ಎಲೆಕ್ಟ್ರಾನ್ ಹರಿಯುತ್ತವೆ. ಮೈಕ್ರೋ ಆಂಪಿಯರ್‌ನಲ್ಲಿ ಬಂದ ವಿದ್ಯುತ್ತನ್ನು ಪಂಪಿನ ತಾಪದಿಂದಲೂ (ಕೆಲ್ವಿನ್‌ನಲ್ಲಿ), 100 ಮಿಲಿಲೀಟರ್ ಗಾಳಿ ಎಳೆಯಲು ಹಿಡಿಯುವ ಸೆಕೆಂಡುಗಳಿಂದಲೂ ಗುಣಿಸಿ, ಕೊನೆಗೆ 0.000431ರಿಂದ ಗುಣಿಸಿದರೆ ಓಝೋನಿನ ಒತ್ತಡ ಮಿಲಿಪಾಸ್ಕಲ್‌ನಲ್ಲಿ ಸಿಗುತ್ತದೆ. 4 ಮೈಕ್ರೋ ಆಂಪಿಯರ್, 300 ಕೆಲ್ವಿನ್, 28 ಸೆಕೆಂಡ್ ಇದ್ದರೆ 14.5 ಮಿಲಿಪಾಸ್ಕಲ್. ಓಝೋನ್ ಇಲ್ಲದಾಗಲೂ ಹರಿಯುವ ಹಿನ್ನೆಲೆ ವಿದ್ಯುತ್ತನ್ನು ಮೊದಲೇ ಕಳೆಯಬೇಕು. ಹಾರಿಸುವ ಮುನ್ನ ಅದನ್ನು ಅಳೆಯದಿದ್ದರೆ ಓಝೋನ್ ಕಡಿಮೆ ಇರುವ ಪದರದಲ್ಲೇ ತಪ್ಪು ದೊಡ್ಡದಾಗಿ ಕಾಣುತ್ತದೆ. ಮೇಲೇರಿದಂತೆ ಗಾಳಿ ವಿರಳವಾಗಿ ಪಂಪಿನ ದಕ್ಷತೆ ತಗ್ಗುತ್ತದೆ. ಅದರ ತಿದ್ದುಪಡಿ ಮರೆತರೆ 25 ಕಿಲೋಮೀಟರ್‌ಗಿಂತ ಮೇಲೆ ಇಲ್ಲದ ಕೊರತೆ ಹುಟ್ಟಿಕೊಳ್ಳುತ್ತದೆ.

ಪ್ರಶ್ನೆ: ಇದರಿಂದ ನೆಲಕ್ಕೆ ಬರುವ ಅತಿನೇರಳೆ ಕಿರಣ ಎಷ್ಟು ಹೆಚ್ಚುತ್ತದೆ?

ಉತ್ತರ: ಚರ್ಮ ಕೆಂಪಾಗಿಸುವ ಕಿರಣಗಳ ಲೆಕ್ಕದಲ್ಲಿ ಓಝೋನ್ ಶೇ 1 ಇಳಿದರೆ ಅವು ಸುಮಾರು ಶೇ 1.2 ಏರುತ್ತವೆ. ಇಳಿಕೆ ದೊಡ್ಡದಾದಷ್ಟೂ ಏರಿಕೆ ಬೆಳೆಯುತ್ತ ಹೋಗುತ್ತದೆ: ಶೇ 10 ಇಳಿದರೆ ಸುಮಾರು ಶೇ 13, ಶೇ 20 ಇಳಿದರೆ ಸುಮಾರು ಶೇ 30. ನ್ಯೂಜಿಲೆಂಡಿನ ಲಾಡರ್‌ನಲ್ಲಿ 1998–99ರ ಬೇಸಿಗೆಯ ಉತ್ತುಂಗದ ಅತಿನೇರಳೆ ಮಟ್ಟ ಆ ದಶಕದ ಆರಂಭಕ್ಕಿಂತ ಸುಮಾರು ಶೇ 12 ಹೆಚ್ಚಿತ್ತು.

ಅದೇ ಇಳಿಕೆ ಯಾವ ತಿಂಗಳಲ್ಲಿ ಬಂತು ಎಂಬುದೂ ಅಷ್ಟೇ ಮುಖ್ಯ. ಅಕ್ಟೋಬರ್‌ನಲ್ಲಿ ಸುಳಿ ಅಂಡಾಕಾರಕ್ಕೆ ಹಿಗ್ಗಿ ಪುಂಟಾ ಅರೆನಾಸ್, ಉಶುಯಾಯ ನಗರಗಳ ನೆತ್ತಿಯ ಮೇಲೆ ಹಾದುಹೋದಾಗ ಸೂರ್ಯ ಇನ್ನೂ ತಗ್ಗಿನಲ್ಲಿರುತ್ತಾನೆ. ಡಿಸೆಂಬರ್‌ನಲ್ಲಿ ಸೂರ್ಯ ಅತಿ ಎತ್ತರದಲ್ಲಿ. 2020ರಿಂದ 2023ರವರೆಗೆ ನಾಲ್ಕು ವರ್ಷವೂ ರಂಧ್ರ ಡಿಸೆಂಬರ್‌ವರೆಗೆ ಉಳಿದಿದ್ದು ನಮ್ಮನ್ನು ಕಾಡುವುದು ಇದಕ್ಕೇ. ಅತಿನೇರಳೆ ಸೂಚ್ಯಂಕ 3 ಮುಟ್ಟಿದ ಯಾವುದೇ ದಿನ ಟೋಪಿ, ತುಂಬುತೋಳು, ನೆರಳು ಬೇಕು. ರಂಧ್ರದ ಸುದ್ದಿಗಾಗಿ ಕಾಯಬೇಡಿ.

ಪ್ರಶ್ನೆ: ಆರ್ಕ್ಟಿಕ್‌ನಿಂದ ಇಂಥ ಅಪಾಯ ಇಲ್ಲವೇ?

ಉತ್ತರ: ಇದೆ, ಆದರೆ ನೆಚ್ಚಿಕೊಳ್ಳುವಂತಿಲ್ಲದ ಅಪಾಯ. ಉತ್ತರದ ಪರ್ವತಗಳು, ನೆಲ–ಕಡಲಿನ ಏರುಪೇರು ವಾಯು ಅಲೆಗಳನ್ನೆಬ್ಬಿಸಿ ಸುಳಿಯನ್ನು ಮತ್ತೆ ಮತ್ತೆ ಕದಡುತ್ತವೆ. ಒಳಗಿನ ಚಳಿ ಹೆಚ್ಚು ಕಾಲ ಉಳಿಯುವುದಿಲ್ಲ. 1997, 2011, 2020ರಂತಹ ವರ್ಷಗಳಲ್ಲಿ ಸುಳಿ ಗಟ್ಟಿಯಾಗಿ ನಿಂತಿತು. 2020ರಲ್ಲಂತೂ ಅದು ಏಪ್ರಿಲ್ ಕೊನೆಯವರೆಗೆ ಉಳಿದಿತ್ತು, ಓಝೋನ್ ಮಾರ್ಚ್‌ನಲ್ಲಿ 205 ಯೂನಿಟ್‌ಗೆ ಇಳಿಯಿತು. ಅಂಥ ವರ್ಷದಲ್ಲಿ 1.2 ಕೋಟಿ ಚದರ ಕಿಲೋಮೀಟರ್‌ನಲ್ಲಿ 80 ಯೂನಿಟ್ ಕೊರತೆ ಎಂದು ಇಟ್ಟುಕೊಂಡು ಮೇಲಿನ ಲೆಕ್ಕವನ್ನೇ ಹಾಕಿದರೆ 7.5 ಯೂನಿಟ್ ಬರುತ್ತದೆ.

ಪ್ರಶ್ನೆ: ಮಧ್ಯ ಅಕ್ಷಾಂಶ ಮೊದಲು ಸುಧಾರಿಸುತ್ತದೋ, ಧ್ರುವವೋ?

ಉತ್ತರ: ಓಝೋನ್ ತಿನ್ನುವ ಅನಿಲಗಳ ಮೇಲಿನ ಈಗಿನ ನಿಯಮಗಳು ಹೀಗೆಯೇ ಪಾಲನೆಯಾದರೆ ಜಗತ್ತಿನ ಬಹುಭಾಗ ಸುಮಾರು 2040ಕ್ಕೆ, ಆರ್ಕ್ಟಿಕ್ ಸುಮಾರು 2045ಕ್ಕೆ, ಅಂಟಾರ್ಕ್ಟಿಕ ಸುಮಾರು 2066ಕ್ಕೆ 1980ರ ಮಟ್ಟ ಮುಟ್ಟಬೇಕು ಎಂಬುದು ವಿಶ್ವ ಹವಾಮಾನ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2022ರ ಮೌಲ್ಯಮಾಪನ. ಧ್ರುವದ ಗಾಳಿ ಹಳೆಯದು. ನೆಲದಿಂದ ಹೊರಟು ಅಲ್ಲಿಗೆ ತಲುಪಲು ಐದಾರು ವರ್ಷ, ಮಧ್ಯ ಅಕ್ಷಾಂಶದ ಕೆಳಪದರಕ್ಕಾದರೆ ಸುಮಾರು ಮೂರು ವರ್ಷ. ಈ ಕ್ಲೋರಿನನ್ನು ಮೇಲಕ್ಕೆ ಹೊತ್ತು ತರುವುದು ಸಿಎಫ್‌ಸಿ (ಕ್ಲೋರೋಫ್ಲೋರೋಕಾರ್ಬನ್) ಎಂಬ ಮಾನವನಿರ್ಮಿತ ಅನಿಲಗಳು. ಸಿಎಫ್‌ಸಿ–12ರ ಆಯಸ್ಸು ಸುಮಾರು 100 ವರ್ಷ, ಸಿಎಫ್‌ಸಿ–11ರದು ಸುಮಾರು 50. ಹಾಗಾಗಿ 2040ರ ನಂತರವೂ ಪ್ರತಿ ವಸಂತದಲ್ಲಿ ದಕ್ಷಿಣದ ಸುಳಿ ಒಡೆದಾಗ ಒಂದಿಷ್ಟು ಬಡಕಲು ಗಾಳಿ ಮಧ್ಯ ಅಕ್ಷಾಂಶಕ್ಕೆ ಬರುತ್ತಲೇ ಇರುತ್ತದೆ. ಮೇಲಿನ ಸಮೋಷ್ಣ ಮಂಡಲದಲ್ಲಿ, ಸುಮಾರು 40 ಕಿಲೋಮೀಟರ್ ಎತ್ತರದಲ್ಲಿ, ಚೇತರಿಕೆ ಈಗಾಗಲೇ ಅಳತೆಗೆ ಸಿಕ್ಕಿದೆ. ಧ್ರುವದ ಬೆರಕೆ ಬಂದು ಸೇರುವ ಕೆಳಪದರದಲ್ಲಿ ಅದು ಇನ್ನೂ ಸ್ಪಷ್ಟವಾಗಿಲ್ಲ. ಅದಕ್ಕೇ ಸೋಂಡ್ ಹಾರಿಸುವವರು ಆ 15–20 ಕಿಲೋಮೀಟರ್‌ನ ತುಣುಕಿನ ಮೇಲೆ ಕಣ್ಣಿಟ್ಟಿರುತ್ತಾರೆ.